ನಾದಿನಿಯ ಹಣೆ, ಬ್ಯಾಂಕಾಕಿನ ಸೂಜಿ

ಹೊರಡುವ ಮೊದಲು

ಸೀರೆ ಮಾರಿ ಬದುಕು ಕಟ್ಟಿಕೊಂಡವಳಿಗೆ ದೇಶ ಯಾವುದಾದರೇನು? ಎಲ್ಲ ಕಡೆಯೂ ಒಂದು ಅಂಗಡಿಕಟ್ಟೆ ಇರುತ್ತದೆ, ಅದರ ಆಚೆಗೊಬ್ಬರು, ಈಚೆಗೊಬ್ಬರು. ಆಚೆಗಿದ್ದವರು ನಗುತ್ತಾರೆ, ಈಚೆಗಿದ್ದವರು ನಂಬಬೇಕೋ ಬೇಡವೋ ಎಂದು ಯೋಚಿಸುತ್ತಾರೆ. ಇಷ್ಟು ಗೊತ್ತಿದ್ದರೆ ಪಾಸ್‌ಪೋರ್ಟು ಹಿಡಿದುಕೊಂಡು ಎಲ್ಲಿಗೂ ಹೋಗಬಹುದು.

ನಾನು ಗದಗ ಕಡೆಯವಳು. ರೈಲ್ವೆ ನೌಕರನನ್ನು ಮದುವೆಯಾಗಿ ನಾಗಪುರಕ್ಕೆ ಬಂದೆ. ಇಳಕಲ್ ಸೀರೆಯ ಗಂಟು ಹೊತ್ತು ಕಾಮಠಿಯ ದಂಡಿನ ಮನೆಗಳಿಗೆ ಬಸ್ಸಿನಲ್ಲಿ ಓಡಾಡಿದೆ. ಪಂಜಾಬಿನ ಸುಬೇದಾರರ ಹೆಂಡತಿಯರಿಗೆ ಕೆಂಪಿನ ಮೇಲೆ ಬಿಳಿ ಹಲ್ಲಿನ ಟೋಪ ತೆನಿ ಸೆರಗು ಎಂದರೇನೆಂದು ಕಲಿಸಿದವಳು ನಾನೇ. ಈಗ ಮನೀಶ್ ನಗರದಲ್ಲಿ ಸ್ವಂತ ಅಂಗಡಿಯಿದೆ. ಯಾರೂ ಕೈಹಿಡಿದು ನಡೆಸಲಿಲ್ಲ, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೂ ಇಲ್ಲ.

ಬ್ಯಾಂಕಾಕಿಗೆ ಹೋಗುವ ಹುಕಿ ಹುಟ್ಟಿದ್ದು ನನ್ನ ನಾದಿನಿ ಶೋಭಾಳಿಗೆ. ಅವಳ ಗಂಡ ವಾಯುಪಡೆಯಿಂದ ನಿವೃತ್ತರಾಗಿ ನಾಗಪುರದಲ್ಲೇ ನೆಲೆಸಿದ್ದಾರೆ. ಶೋಭಾ ನಮ್ಮ ಕನ್ನಡ ಬಳಗದ ನಾಟಕಗಳಲ್ಲಿ ಪಾತ್ರ ಮಾಡುತ್ತಾಳೆ. ಈ ಸಲ ಸಿಕ್ಕಿದ್ದು ರಾಣಿಯ ಪಾತ್ರ. ಮೊದಲ ಅಂಕದಲ್ಲಿ ಆ ರಾಣಿ ಹೊಸ ಮದುವಣಗಿತ್ತಿ, ಕೊನೆಯ ಅಂಕದಲ್ಲಿ ಶತ್ರುವಿಗೆ ಕೋಟೆಯ ಕೀಲಿ ಕೊಡದೆ ಎದುರು ನಿಲ್ಲುವ ವಿಧವೆ. ತಾಲೀಮಿನ ವಿಡಿಯೊ ನೋಡಿದ ದಿನ ಶೋಭಾ ಊಟ ಮಾಡಲಿಲ್ಲ. ಅವಳ ಎರಡು ಹುಬ್ಬುಗಳ ನಡುವೆ ಎರಡು ಗೆರೆಗಳಿವೆ, ಉಗುರಿನಲ್ಲಿ ಗೀರಿದಂತೆ ನೆಟ್ಟಗೆ.

"ವೈನಿ, ಮದುಮಗಳಾಗಿ ನಿಂತ್ರ ಜಗಳಕ್ಕ ಬಂದ ಅತ್ತಿ ಹಂಗ ಕಾಣ್ತೀನಿ" ಎಂದಳು.

"ಹಂಗಾರ ಅತ್ತಿ ಪಾರ್ಟ್ ಕೇಳ್ಕೊ."

"ಹೂಂ, ಆಡ್ಕೊಳ್ಳಾಕ ನೀವೊಬ್ರು ಕಮ್ಮಿ ಇದ್ರಿ ನೋಡ್ರಿ!"

ಸುಕ್ಕಿಗೆ ಸೂಜಿ ಹಾಕುವ ವೈದ್ಯರು ನಾಗಪುರದಲ್ಲೇ ಇದ್ದಾರಲ್ಲ ಎಂದೆ. "ಅದಾರ. ಆದ್ರ ಅಲ್ಲಿ ಬಾಕಿನ ಮ್ಯಾಲ ನಮ್ಮ ಬಳಗದ ಅರ್ಧ ಜನ ಕುಂತಿರ್ತಾರ" ಎಂದಳು. ಅಷ್ಟರಲ್ಲಿ ಅವಳ ನೆರೆಮನೆಯ ಮಂಗಲಾತಾಯಿ ಹೆಂಗಸರ ಗುಂಪೊಂದರ ಬ್ಯಾಂಕಾಕ್ ಪ್ರವಾಸದ ಸುದ್ದಿ ತಂದರು. ಅವರು ನಿವೃತ್ತ ಶಿಕ್ಷಕಿ, ಅಪ್ಪಟ ನಾಗಪುರದವರು, ಮಾತೆತ್ತಿದರೆ ನಗು. ಅಲ್ಲಿ ಸೂಜಿ ಸೋವಿಯಂತೆ, ಯಾರಿಗೂ ಗೊತ್ತಾಗುವುದಿಲ್ಲವಂತೆ. ಇಬ್ಬರನ್ನೇ ಬಿಟ್ಟರೆ ಯಾರಾದರೂ ತಲೆ ಬೋಳಿಸಿ ಕಳಿಸುತ್ತಾರೆಂದು ನಾನೂ ಹೊರಟೆ.

ಬಂದಿಳಿದ ದಿನ

ಪರದೇಶಕ್ಕೆ ಹೋಗುವವರಿಗೆ ಮೊದಲ ಸಲಹೆ: ಶೇಂಗಾ ಚಟ್ನಿಯನ್ನು ಕೈಚೀಲದಲ್ಲಿ ಇಟ್ಟುಕೊಳ್ಳಬೇಡಿ. ಬ್ಯಾಂಕಾಕಿನ ತಪಾಸಣೆಯ ಹುಡುಗಿ ನನ್ನ ಡಬ್ಬಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದಳು. ಆಮೇಲೆ ಸೀನಿದಳು. ಒಮ್ಮೆಯಲ್ಲ, ಸಾಲಾಗಿ. ಪಕ್ಕದವನು ಓಡಿ ಬಂದ, ಅವನೂ ಸೀನಿದ. ಮಂಗಲಾತಾಯಿ ತಮ್ಮ ನಾಗಪುರದ ಉರಿಖಾರದ ಸಾವಜಿ ಮಸಾಲೆಯ ಪೊಟ್ಟಣವನ್ನು ಸದ್ದಿಲ್ಲದೆ ಸೆರಗಿನೊಳಗೆ ಸೇರಿಸುತ್ತ, "ವಿಜಯಾತಾಯಿ, ನಿಮ್ಮದು ಇಷ್ಟು ಮಾಡಿದರೆ ನನ್ನದಕ್ಕೆ ಮಿಲಿಟರಿ ಬರುತ್ತೆ" ಎಂದು ಮರಾಠಿಯಲ್ಲಿ ಹೇಳಿದರು. ಕೊನೆಗೆ ಆ ಹುಡುಗಿ ಕಣ್ಣೊರೆಸಿಕೊಂಡು, ಕೈ ಜೋಡಿಸಿ, ಡಬ್ಬಿ ಹಿಂದಕ್ಕೆ ಕೊಟ್ಟಳು. ಬೈಯುವಾಗಲೂ ಕೈ ಜೋಡಿಸುವ ಜನ ಇವರು. ನಮ್ಮಲ್ಲಿ ಕೈ ಜೋಡಿಸುವಾಗಲೂ ಬೈಯುತ್ತೇವೆ.

ಮಾರ್ಗದರ್ಶಿ, ಬಿಸಿಲು ಬಹಳ, ಛತ್ರಿ ಹಿಡಿಯಿರಿ ಎಂದು ಬೇಡಿಕೊಂಡ. ನಮ್ಮ ಗುಂಪು ಬಿದ್ದು ಬಿದ್ದು ನಕ್ಕಿತು. ಮೇ ತಿಂಗಳ ನಾಗಪುರದಲ್ಲಿ ಮಧ್ಯಾಹ್ನ ವರ್ಧಾ ರಸ್ತೆ ದಾಟಿದವರಿಗೆ ಇದೇನು ಬಿಸಿಲು!

ಸಂತೆಯಲ್ಲಿ ನನಗೆ ತುಂಬ ಹಿಡಿಸಿದ್ದು ಅವರ ಚೌಕಾಸಿ. ಮಾತೇ ಇಲ್ಲ. ಅಂಗಡಿಯಾಕೆ ಲೆಕ್ಕಯಂತ್ರದಲ್ಲಿ ಒಂದು ಅಂಕಿ ಒತ್ತಿ ನಿಮ್ಮ ಕೈಗೆ ಕೊಡುತ್ತಾಳೆ. ನೀವು ನಿಮ್ಮದನ್ನು ಒತ್ತಿ ಕೊಡಬೇಕು. ಅವಳು ಎದೆಗೆ ಬಾಣ ಹೊಕ್ಕಂತೆ ನಕ್ಕು ಮತ್ತೊಂದು ಒತ್ತುತ್ತಾಳೆ. ನಮ್ಮ ನಾಗಪುರದ ಸೀತಾಬರ್ಡಿ ಪೇಟೆಯಲ್ಲಿ ಇದೇ ವ್ಯವಹಾರಕ್ಕೆ ಗಂಟಲು ಹರಿಯಬೇಕು, ತವರುಮನೆಯ ಹೆಸರು ಎತ್ತಬೇಕು, ಎದ್ದು ಹೋದಂತೆ ನಟಿಸಬೇಕು. ಅಂಕಿಗಳ ಆಟದಲ್ಲೂ ನಾನು ಸೋಲಲಿಲ್ಲ. ನಮ್ಮ ಗುಂಪಿನವರೆಲ್ಲ ತಮ್ಮ ಸಾಮಾನು ಹಿಡಿದು ನನ್ನ ಹಿಂದೆ ಸಾಲು ನಿಂತರು.

ಮಲಗಿದ ಬುದ್ಧನ ಎದುರು

ಮರುದಿನ ಮಲಗಿದ ಬುದ್ಧನ ದೇವಾಲಯ. ಚಿನ್ನದ ಬಣ್ಣದ ಆ ದೇಹವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡುವಷ್ಟರಲ್ಲಿ ಕತ್ತು ನೋಯುತ್ತದೆ. ಎಲ್ಲರೂ ಪಾದದ ಹತ್ತಿರ ಫೋಟೊ ತೆಗೆಸಿಕೊಳ್ಳುತ್ತಿದ್ದರೆ ಶೋಭಾ ಮಾತ್ರ ಮುಖದ ಹತ್ತಿರ ನಿಂತುಬಿಟ್ಟಿದ್ದಳು.

"ನೋಡ್ರಿ ವೈನಿ, ಹಣಿ ಮ್ಯಾಲ ಒಂದು ಗೆರಿ ಇಲ್ಲ."

"ಮನಿ, ಮಕ್ಕಳು, ರಾಜ್ಯ ಎಲ್ಲಾ ಬಿಟ್ಟು ಎದ್ದು ಹೋದವರಿಗೆ ಗೆರಿ ಎಲ್ಲಿಂದ ಬರಬೇಕು? ನೀ ಒಂದು ಗ್ಯಾಸ್ ಬುಕ್ಕಿಂಗ್ ಬಿಡಾಕ ತಯಾರಿಲ್ಲ" ಎಂದೆ.

ಮಂಗಲಾತಾಯಿ ನಗಲಿಲ್ಲ. ಅವರು ಬಾಬಾಸಾಹೇಬರೊಂದಿಗೆ ಬೌದ್ಧ ದೀಕ್ಷೆ ಪಡೆದ ಮನೆತನದವರು, ಹುಟ್ಟಿನಿಂದ ಬುದ್ಧನನ್ನು ನಂಬಿದವರು. ಚಪ್ಪಲಿಯ ಜೊತೆಗೆ ನಗುವನ್ನೂ ಹೊರಗೆ ಬಿಟ್ಟು ಬಂದಿದ್ದರು. ನೆಲಕ್ಕೆ ಮೊಣಕಾಲೂರಿ ಬುದ್ಧಂ ಶರಣಂ ಎಂದು ಪಾಲಿಯಲ್ಲಿ ಶುರು ಮಾಡಿದರು. ಪಕ್ಕದಲ್ಲಿ ಕುಳಿತಿದ್ದ ಥಾಯ್ ಮುದುಕಿಯೊಬ್ಬಳು ಬೆರಗಿನಿಂದ ತಿರುಗಿ ನೋಡಿದಳು. ಆಮೇಲೆ ತನ್ನ ರಾಗದಲ್ಲಿ ಅದೇ ಮಾತುಗಳನ್ನು ಸೇರಿಸಿದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಆದರೆ ಕೊನೆಯ ತನಕ ಒಂದಕ್ಷರ ತಪ್ಪಲಿಲ್ಲ. ಮುಗಿದ ಮೇಲೆ ಮುದುಕಿ ಮಂಗಲಾತಾಯಿಯ ಕೆನ್ನೆ ಸವರಿ, ಯಾವ ಊರು ಎಂದು ಕೈಸನ್ನೆಯಲ್ಲಿ ಕೇಳಿದಳು. "ನಾಗಪುರ!" ಎಂದು ನಾವು ಮೂವರೂ ಒಟ್ಟಿಗೆ ಕೂಗಿದೆವು. ಕಾವಲುಗಾರ ಬಂದು ತುಟಿಯ ಮೇಲೆ ಬೆರಳಿಟ್ಟ.

ಹೋಟೆಲಿನ ಮೇಲಂತಸ್ತು

ಆ ಸಂಜೆ ಹೋಟೆಲಿನ ಅಂಗಳದಲ್ಲಿ ಗುಲಾಬಿ ಕೋಟಿನ ಹೆಂಗಸೊಬ್ಬಳು ನಮ್ಮನ್ನು ಹಿಡಿದಳು. ಚೆಂದದ ಹಿಂದಿ ಮಾತಾಡುತ್ತಿದ್ದಳು. ನಾಳೆ ಬೆಳಿಗ್ಗೆ ಮೇಲಿನ ಕೋಣೆಯಲ್ಲಿ ಸುಕ್ಕಿನ ಸೂಜಿ ಇದೆ, ಗುಂಪಾಗಿ ಬಂದರೆ ರಿಯಾಯಿತಿ, ಕೆನ್ನೆ ತುಂಬುವ ಸೂಜಿಯೂ ಉಂಟು ಎಂದಳು. ಲೆಕ್ಕಯಂತ್ರ ನನ್ನ ಕೈಗೆ ಬಂತು. ನಾನು ಅವಳ ಅಂಕಿಯ ಅರ್ಧ ಒತ್ತಿದೆ. ಒಪ್ಪಿದಳು. ಇನ್ನೂ ಇಳಿಸಿದೆ. ಅದಕ್ಕೂ ಒಪ್ಪಿದಳು. "ದೀದಿ, ಆಪ್ ಕಾ ಫ್ರೀ" ಎಂದು ನನ್ನ ಹಣೆಯನ್ನೂ ಸೇರಿಸಿಕೊಂಡಳು. ಗುಂಪಿನವರು ಚಪ್ಪಾಳೆ ಹೊಡೆದರು. ಆ ಸಂಜೆ ನಾನು ನೆಲದ ಮೇಲೆ ನಡೆಯಲಿಲ್ಲ.

ಬೆಳಿಗ್ಗೆ ಸ್ನಾನ ಮಾಡುತ್ತ ಆ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿದೆ. ಇಳಕಲ್ಲಿನ ನೇಕಾರ ಬೆಲೆಯಲ್ಲಿ ಒಂದು ಚೂರು ಬಿಡಬೇಕಾದರೆ ಎರಡು ಸಲ ಚಹಾ ಕುಡಿಸುತ್ತಾನೆ, ಅಜ್ಜನ ಮಗ್ಗದ ಕಥೆ ಹೇಳುತ್ತಾನೆ, ಮುಖ ಸಣ್ಣದು ಮಾಡುತ್ತಾನೆ. ಯಾಕೆಂದರೆ ಅವನ ಸೀರೆಯಲ್ಲಿ ನಿಜವಾದ ರೇಷ್ಮೆಯಿದೆ. ಕೇಳಿದ ತಕ್ಷಣ ಅರ್ಧಕ್ಕೆ ಬೀಳುವವನ ಹತ್ತಿರ ಇರುವುದು ಬರೀ ಹೊಳಪು. ಹೋಲಿಸಿ ನೋಡಿ, ಸೀರೆಯಾದರೆ ಮೋಸ ಹೋದರೂ ಒರೆಸುವ ಬಟ್ಟೆಗಾಗುತ್ತದೆ. ಮುಖವನ್ನು ಏನು ಮಾಡುವುದು?

ನಮ್ಮ ವ್ಯಾಪಾರದಲ್ಲಿ ಒಂದು ರೂಢಿಯಿದೆ. ಕೆಂಪು ಸೆರಗಿನ ಸೀರೆ ಕೊಳ್ಳುವ ಮೊದಲು ಬಿಳಿ ಕರವಸ್ತ್ರವನ್ನು ನೀರಲ್ಲಿ ಅದ್ದಿ ದಡಿಯ ಮೇಲೆ ಉಜ್ಜುತ್ತೇವೆ. ಉಜ್ಜುತ್ತಲೇ ಮಾರುವವನನ್ನು ಕೇಳುತ್ತೇವೆ, ಬಣ್ಣ ಬಿಟ್ಟರೆ ಏನು ಎಂದು. "ಬಿಡೋದೇ ಇಲ್ಲ, ಗ್ಯಾರಂಟಿ" ಎಂದರೆ ಗಂಟು ಕಟ್ಟಿ ಎದ್ದು ಬರಬೇಕು. "ಮೊದಲ ಒಗತಕ್ಕ ಬಿಡತೈತ್ರಿ, ಉಪ್ಪುನೀರಾಗ ನೆನಸ್ರಿ, ಬಿಸಿಲಿಗೆ ಹಾಕಬ್ಯಾಡ್ರಿ" ಎಂದರೆ ಕುಳಿತು ಮಾತಾಡಬೇಕು. ಒಳ್ಳೆಯ ಸರಕಿನವನು ಕೆಡುಕನ್ನು ತಾನೇ ಹೇಳುತ್ತಾನೆ. ಕರವಸ್ತ್ರಕ್ಕಿಂತ ಆ ಉತ್ತರದಲ್ಲೇ ಪರೀಕ್ಷೆ ಇರುವುದು.

ಮೇಲೆ ಓಡಿದೆ. ಕೋಣೆಯಲ್ಲಿ ನಮ್ಮ ಹೆಂಗಸರು ಸಾಲಾಗಿ ಕುಳಿತಿದ್ದರು. ಮಂಗಲಾತಾಯಿಗೆ ಸೂಜಿ ಆಗಿಹೋಗಿತ್ತು, ಕನ್ನಡಿ ನೋಡಿಕೊಳ್ಳುತ್ತಿದ್ದರು. ಶೋಭಾ ಕುರ್ಚಿಯಲ್ಲಿ ಕಣ್ಣು ಮುಚ್ಚಿ ತಲೆ ಹಿಂದಕ್ಕೊರಗಿಸಿದ್ದಳು. ಬಿಳಿ ಕೋಟಿನವಳೊಬ್ಬಳು ಮೊದಲೇ ತುಂಬಿಟ್ಟ ಸೂಜಿ ಹಿಡಿದಿದ್ದಳು. ಮೇಜಿನ ಮೇಲೆ ಹೆಸರಿನ ಚೀಟಿಯಿಲ್ಲದ ಒಂದು ಸೀಸೆ. ಡಬ್ಬಿ ಕಾಣಲಿಲ್ಲ.

"ಡಾಕ್ಟರ್ ಯಾರು?" ಎಂದು ಗುಲಾಬಿ ಕೋಟಿನವಳನ್ನು ಹಿಂದಿಯಲ್ಲಿ ಕೇಳಿದೆ.

"ಇವರೇ ಎಕ್ಸ್‌ಪರ್ಟ್ ದೀದಿ."

"ಎಡವಟ್ಟಾದ್ರೆ?"

"ಏನೂ ಆಗಲ್ಲ. ಝೀರೋ ಸೈಡ್ ಎಫೆಕ್ಟ್. ಗ್ಯಾರಂಟಿ!"

ನನಗೆ ಅಷ್ಟೇ ಬೇಕಾಗಿತ್ತು. ಶೋಭಾಳ ರಟ್ಟೆ ಹಿಡಿದೆ. "ಏಳು. ಜಲ್ದಿ."

"ವೈನಿ, ನಿನ್ನೆ ರೇಟ್ ಮುರಿದವರು ನೀವs!"

"ಅದಕ್ಕs ಹೇಳಾಕತ್ತೀನಿ. ಇಷ್ಟು ಜಲ್ದಿ ಮುರಿಯೋ ಮಾಲು ಛಲೋ ಇರಂಗಿಲ್ಲ. ಏಳು ಅಂದ್ರ ಏಳು."

ಉಳಿದವರಿಗೂ ಏಳಿರಿ ಎಂದೆ, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಶೋಭಾ ಎದ್ದಳು, ಆದರೆ ಆ ದಿನವಿಡೀ ನನ್ನ ಜೊತೆ ಮಾತಾಡಲಿಲ್ಲ. ನದಿಯ ದೋಣಿಯಲ್ಲಿ ಬೇಕೆಂದೇ ದೂರ ಕುಳಿತಳು. ಇಳಿಯುವಾಗ ಮಾತ್ರ, "ಈಗ ಈ ಮಾರಿ ಹೊತ್ಕೊಂಡ ಸ್ಟೇಜ್ ಹತ್ತಲೇನು?" ಎಂದಳು. ಕಣ್ಣಲ್ಲಿ ನೀರಿತ್ತು. ಅದು ಬರೀ ಶೋಕಿ ಎಂದು ನಾನು ತಿಳಿದಿದ್ದೆ. ಆಗ ಗೊತ್ತಾಯಿತು, ಹಾಗಲ್ಲ. ನೌಕರಿಯ ಗಂಡನ ಹಿಂದೆ ಊರೂರು ತಿರುಗಿ ಅವಳು ತನ್ನದೆಂದು ಉಳಿಸಿಕೊಂಡಿದ್ದು ನಾಟಕವೊಂದನ್ನೇ. ಆ ರಾಣಿ ಕೈತಪ್ಪಿದರೆ ಇನ್ನೊಂದು ರಾಣಿ ಅವಳ ವಯಸ್ಸಿಗೆ ಬರುವುದಿಲ್ಲ.

ಆಸ್ಪತ್ರೆಯ ಚರ್ಮ ವಿಭಾಗ

ಸೂಜಿಯೇ ಬೇಡ ಎನ್ನುವವಳು ನಾನಲ್ಲ. ಬೇಕಾದವರು ಹಾಕಿಸಿಕೊಳ್ಳಲಿ, ಆದರೆ ಸರಿಯಾದ ಅಂಗಡಿಯಲ್ಲಿ. ಮರುದಿನ ಶೋಭಾಳನ್ನು ದೊಡ್ಡ ಆಸ್ಪತ್ರೆಯೊಂದರ ಚರ್ಮ ವಿಭಾಗಕ್ಕೆ ಕರೆದುಕೊಂಡು ಹೋದೆ. ಗೋಡೆಯ ಮೇಲೆ ವೈದ್ಯೆಯ ಹೆಸರು, ಓದಿದ್ದು, ಪರವಾನಗಿ ಎಲ್ಲ ತೂಗುಹಾಕಿತ್ತು. ನಡುವಯಸ್ಸಿನ ಹೆಂಗಸು, ಇಂಗ್ಲಿಷು ನಿಧಾನವಾಗಿ ಮಾತಾಡುತ್ತಿದ್ದಳು. ಶೋಭಾಳ ಇಂಗ್ಲಿಷು ಚೆನ್ನಾಗಿದೆ, ನನಗೆ ಅವಳೇ ತಿಳಿಸಿ ಹೇಳುತ್ತಿದ್ದಳು.

ವೈದ್ಯೆ ಸೂಜಿಯ ಮಾತನ್ನೇ ಎತ್ತಲಿಲ್ಲ. ಯಾವ ಮಾತ್ರೆ ತಿನ್ನುತ್ತೀರಿ, ರಕ್ತ ತೆಳುವಾಗುವ ಔಷಧ ಉಂಟೇ, ನರ ಅಥವಾ ಸ್ನಾಯುವಿನ ಕಾಯಿಲೆ ಇದೆಯೇ, ನುಂಗಲು ಕಷ್ಟವೇ, ಹಿಂದೆ ಯಾವುದಾದರೂ ಚುಚ್ಚುಮದ್ದು ಒಗ್ಗದೆ ಹೋಗಿದೆಯೇ ಎಂದು ಕೇಳುತ್ತಲೇ ಹೋದಳು. ಬಸುರಿಯರಿಗೆ, ಹಾಲೂಡಿಸುವವರಿಗೆ ಇದನ್ನು ಹಾಕುವುದೇ ಇಲ್ಲ ಎಂದಳು. ಆಮೇಲೆ ನಾನು ನನ್ನ ಪ್ರಶ್ನೆ ಕೇಳಿದೆ: "ಬಣ್ಣ ಬಿಟ್ಟರೆ?" ಶೋಭಾ ಒಲ್ಲದ ಮನಸ್ಸಿನಿಂದ ನಮ್ಮ ಸೀರೆಯ ರೂಢಿಯನ್ನು ವಿವರಿಸಿದಳು.

ವೈದ್ಯೆ ಮನಸಾರೆ ನಕ್ಕಳು. "ಬಣ್ಣ ಬಿಡಬಹುದು" ಎಂದಳು. "ಈ ಔಷಧ ಸ್ನಾಯುವನ್ನು ಕೆಲವು ತಿಂಗಳು ಮಲಗಿಸುತ್ತದೆ. ಚುಚ್ಚಿದ ಜಾಗ ಕಂದಬಹುದು, ತಲೆ ನೋಯಬಹುದು. ಔಷಧ ಪಕ್ಕಕ್ಕೆ ಹರಿದರೆ ರೆಪ್ಪೆ ಜೋಲಬಹುದು. ಅಪರೂಪಕ್ಕೆ ನುಂಗಲು, ಮಾತಾಡಲು, ಉಸಿರಾಡಲು ತೊಂದರೆಯಾದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಬರಬೇಕು. ಹಾಕಿದ್ದನ್ನು ವಾಪಸು ತೆಗೆಯಲು ಮದ್ದಿಲ್ಲ, ಅದು ತಾನಾಗಿ ಇಳಿಯುವವರೆಗೆ ಕಾಯಬೇಕು. ಕೆನ್ನೆ ತುಂಬುವ ಸೂಜಿ ಬೇರೆಯದು. ಅದು ರಕ್ತನಾಳಕ್ಕೆ ಹೊಕ್ಕರೆ ಚರ್ಮ ಸಾಯಬಹುದು, ಕಣ್ಣೇ ಹೋಗಬಹುದು. ಅದರಲ್ಲಿ ಒಂದು ಬಗೆಯನ್ನು ಕರಗಿಸುವ ಮದ್ದು ಇದೆ." ಮೇಜಿನ ಖಾನೆ ತೆರೆದು ಆ ಮದ್ದನ್ನು ತೋರಿಸಿದಳು. "ಇದನ್ನು ಪಕ್ಕದಲ್ಲಿ ಇಟ್ಟುಕೊಳ್ಳದವರ ಹತ್ತಿರ ಕೆನ್ನೆ ತುಂಬಿಸಿಕೊಳ್ಳಬೇಡಿ."

ನನಗೆ ಕಟ್ಟೆಯ ಆಚೆ ನಮ್ಮ ಇಳಕಲ್ಲಿನ ನೇಕಾರನೇ ಕುಳಿತಂತೆ ಕಂಡಿತು.

"ಈ ಮುಖದಿಂದ ನೀವು ಏನು ಕೆಲಸ ಮಾಡುತ್ತೀರಿ?" ಎಂದು ವೈದ್ಯೆ ಶೋಭಾಳನ್ನು ಕೇಳಿದಳು. ನಾಟಕ ಎಂದಳು ಶೋಭಾ. "ಹಾಗಾದರೆ ಮಾಡಿ ತೋರಿಸಿ."

ಶೋಭಾ ನನ್ನ ಕಡೆ ನೋಡಿದಳು. ನಿಂತಳು. ಮೊದಲು ಮದುಮಗಳು: ಗಲ್ಲ ತಗ್ಗಿತು, ಕಣ್ಣು ಅರೆ ಮುಚ್ಚಿತು, ಹಣೆ ತಾನಾಗಿ ಹಗುರವಾಯಿತು. ಆಮೇಲೆ ಕೋಟೆಯ ಬಾಗಿಲು. "ಕೀಲಿ ಕೇಳಲು ಬಂದೆಯಾ? ಈ ಕೈ ಕಡಿ, ಬೆರಳು ಬಿಚ್ಚುವುದಿಲ್ಲ!" ಎಂದಾಗ ಹುಬ್ಬುಗಳ ನಡುವಿನ ಆ ಎರಡು ಗೆರೆಗಳು ಕತ್ತಿಗಳಂತೆ ಎದ್ದವು. ಬಾಗಿಲಲ್ಲಿ ದಾದಿಯರು ಬಂದು ನಿಂತಿದ್ದರು. ಒಬ್ಬಳು ಕೈಯಲ್ಲಿದ್ದ ತಟ್ಟೆಯನ್ನು ಎದೆಗವಚಿಕೊಂಡಳು. ಕನ್ನಡದ ಒಂದು ಪದವೂ ಅವರಿಗೆ ಗೊತ್ತಿಲ್ಲ.

ವೈದ್ಯೆ ಶೋಭಾಳ ಹುಬ್ಬುಗಳ ನಡುವೆ ಬೆರಳಿಟ್ಟು ನೋಡಿದಳು. "ಗೆರೆಗಳನ್ನು ನಾನು ಮಲಗಿಸಬಲ್ಲೆ, ಕಷ್ಟದ ಕೆಲಸವಲ್ಲ" ಎಂದಳು. "ಆದರೆ ಎರಡನೆಯ ಹೆಂಗಸು ಕೂಡ ಅಷ್ಟು ತಿಂಗಳು ಮಲಗುತ್ತಾಳೆ. ಕಡಿಮೆ ಹಾಕಿದರೂ ಅವಳ ದನಿ ಸ್ವಲ್ಪ ತಗ್ಗುತ್ತದೆ. ಆಯ್ಕೆ ನಿಮ್ಮದು. ಇವತ್ತೇ ಹೇಳಬೇಕೆಂದಿಲ್ಲ."

ಶೋಭಾ ಕನ್ನಡಿಯ ಮುಂದೆ ಹೋಗಿ ನಿಂತಳು. ಬೆರಳಿನಿಂದ ಗೆರೆಗಳನ್ನು ಎಳೆದು ಅಳಿಸಿ ನೋಡಿದಳು. ಬಿಟ್ಟಳು. ಮತ್ತೆ ಎಳೆದಳು. ನಾನು ಜೀವನದಲ್ಲಿ ಮೊದಲ ಸಲ ಸಲಹೆ ಕೊಡದೆ ಬಾಯಿ ಮುಚ್ಚಿ ಕುಳಿತೆ.

"ಬ್ಯಾಡ್ರಿ ವೈನಿ" ಎಂದಳು ಕೊನೆಗೆ. "ಮದುಮಗಳನ್ನ ಮೇಕಪ್ ಮಾಡ್ತೈತಿ. ರಾಣಿನ್ನ ನಾನs ಮಾಡ್ಬೇಕು. ನಾಟಕ ಮುಗೀಲಿ, ಆಮ್ಯಾಲ ನೋಡೋಣ."

ಕುರ್ಚಿ ಖಾಲಿಯಿತ್ತು. ವೈದ್ಯೆ ಪ್ರಾಮಾಣಿಕಳು, ಎದುರಿಗೇ ಇದ್ದಳು. ಮತ್ತೆ ನನ್ನದೂ ಒಂದು ಹಣೆಯಲ್ಲವೇ? ಗೊತ್ತಿರಲಿ, ದರ ಕೇಳಿದಾಗ ನನ್ನ ಹಣೆ ಗಂಟಿಕ್ಕುತ್ತದೆ, ಸೀರೆ ತರುವ ದಲಾಲರು ಅದನ್ನು ನೋಡಿಯೇ ನನಗೆ ಸರಕು ಎಷ್ಟು ಬೇಕಾಗಿದೆ ಎಂದು ಅಳೆಯುತ್ತಾರೆ. "ನನಗ ಹಾಕು" ಎಂದೆ. ಶೋಭಾ ಬಾಯಿಗೆ ಸೆರಗು ಹಚ್ಚಿ ನಕ್ಕಳು. ವೈದ್ಯೆ ನನಗೂ ಅದೇ ಪ್ರಶ್ನೆಗಳನ್ನು ಮೊದಲಿನಿಂದ ಕೇಳಿದಳು. ಮೊಹರು ಇದ್ದ ಡಬ್ಬಿಯನ್ನು ನನ್ನ ಕಣ್ಣೆದುರೇ ಒಡೆದಳು, ಅವಧಿ ತೋರಿಸಿದಳು. ಇರುವೆ ಕಚ್ಚಿದಂತಾಯಿತು, ಅಷ್ಟೆ. ಕೆಲವು ತಾಸು ಮಲಗಬೇಡಿ, ಹಣೆ ಉಜ್ಜಬೇಡಿ ಎಂದಳು.

ಲೆಕ್ಕಯಂತ್ರ ಕೇಳಿದೆ. ವೈದ್ಯೆ ಕೈ ಜೋಡಿಸಿದಳು, ನಕ್ಕಳು, ಒಂದು ಚೂರೂ ಇಳಿಸಲಿಲ್ಲ. ಇಷ್ಟು ಸಂತೋಷದಿಂದ ನಾನು ಯಾವ ಚೌಕಾಸಿಯಲ್ಲೂ ಸೋತಿಲ್ಲ.

ಹಿಂದಿರುಗುವ ಬೆಳಿಗ್ಗೆ

ಹೊರಡುವ ದಿನ ತಿಂಡಿಗೆ ಬಂದ ಮಂಗಲಾತಾಯಿ ಎಡಗಣ್ಣಿಗೆ ಕೈ ಅಡ್ಡ ಹಿಡಿದಿದ್ದರು. ರೆಪ್ಪೆ ಅರ್ಧಕ್ಕೆ ಇಳಿದಿತ್ತು. "ಅಗಂ ಬಾಈ, ಒಂದು ಕಣ್ಣು ಬ್ಯಾಂಕಾಕ್ ಬಿಟ್ಟು ಬರಲ್ಲ ಅಂತಿದೆ" ಎಂದು ನಗಲು ನೋಡಿದರು, ಆಗಲಿಲ್ಲ. ಶೋಭಾ ತಟ್ಟೆ ಬಿಟ್ಟು ಎದ್ದು ಅವರನ್ನು ತಬ್ಬಿಕೊಂಡಳು.

ಮೇಲಿನ ಕೋಣೆಗೆ ಬೀಗ ಬಿದ್ದಿತ್ತು. ಗುಲಾಬಿ ಕೋಟಿನವಳು ಫೋನು ಎತ್ತಲಿಲ್ಲ. ಮತ್ತೆ ನಮ್ಮ ವೈದ್ಯೆಯ ಹತ್ತಿರ ಓಡಿದೆವು. ಆಕೆ ನೀರು ಕುಡಿಸಿ, ಮಾತಾಡಿಸಿ, ಕತ್ತು ಎತ್ತಿಸಿ ನೋಡಿದಳು. ಸೀಸೆಯಲ್ಲಿ ಏನಿತ್ತು, ಎಷ್ಟು ಹಾಕಿದರು ಎಂದು ಕೇಳಿದಳು. ಉತ್ತರ ಯಾರ ಹತ್ತಿರ ಇತ್ತು? "ನುಂಗುವುದು, ಉಸಿರಾಟ ಸರಿಯಾಗಿವೆ. ರೆಪ್ಪೆ ಕೆಲವು ವಾರಗಳಲ್ಲಿ ಮೇಲೇಳುತ್ತದೆ. ಊರಿಗೆ ಹೋದ ಮೇಲೆ ಕಣ್ಣಿನ ವೈದ್ಯರಿಗೆ ತೋರಿಸಿ" ಎಂದು ಕಣ್ಣಿಗೆ ಹಾಕುವ ಹನಿ ಬರೆದುಕೊಟ್ಟಳು. ಮಂಗಲಾತಾಯಿ ವಿಮಾನದುದ್ದಕ್ಕೂ ಕಪ್ಪು ಕನ್ನಡಕ ಹಾಕಿಕೊಂಡರು. ಈಗ ಅವರ ಕಣ್ಣು ನೆಟ್ಟಗಾಗಿದೆ, ನಗುವೂ ವಾಪಸು ಬಂದಿದೆ. ನಾಗಪುರದ ನಮ್ಮ ಓಣಿಯಲ್ಲಿ ಯಾರಾದರೂ ಸೋವಿ ಸೂಜಿಯ ಮಾತೆತ್ತಿದರೆ ಅವರು ನನಗಿಂತ ಜೋರಾಗಿ ಸಲಹೆ ಕೊಡುತ್ತಾರೆ.

ಮತ್ತೆ ನಾಗಪುರ

ನನ್ನ ಹಣೆ ನುಣುಪಾಯಿತು. ಮನೆಯವರು ಗಮನಿಸಲೇ ಇಲ್ಲ. ದಲಾಲ ಗಮನಿಸಿದ. ಅವನು ದರ ಹೇಳಿದ, ನನ್ನ ಹಣೆ ಅಲುಗಲಿಲ್ಲ. "ಅಕ್ಕಾರ, ಸಿಟ್ಟಿಗೆದ್ರೇನ್ರಿ? ಸ್ವಲ್ಪ ಕಮ್ಮಿ ಮಾಡೋಣಂತ" ಎಂದು ತಾನಾಗಿ ಇಳಿದ. ಲಾಭ ಬರೋಬರ್.

ನಾಟಕದ ಸಂಜೆ ಸಭಾಂಗಣ ತುಂಬಿತ್ತು. ಕಾಮಠಿಯಿಂದ ದಂಡಿನವರು, ಬುಟಿಬೋರಿಯ ಕಾರ್ಖಾನೆಗಳಿಂದ ಪಾಳಿ ಬಿಟ್ಟು ಬಂದವರು, ಕನ್ನಡ ಕೇಳಿದರೆ ತಿಳಿಯುವ ಆದರೆ ಓದಲು ಬಾರದ ಅವರ ಮಕ್ಕಳು. ಮೊದಲ ಅಂಕದಲ್ಲಿ ಶೋಭಾ ತಲೆ ತಗ್ಗಿಸಿ ಬಂದಳು. ಹಿಂದಿನ ಸಾಲಿನ ಹುಡುಗಿಯೊಬ್ಬಳು "ಕಿತೀ ಗೋಡ್!" ಎಂದು ಮರಾಠಿಯಲ್ಲಿ ಮೆಚ್ಚಿದಳು. ಕೊನೆಯ ಅಂಕದಲ್ಲಿ ಕೀಲಿ ಕೇಳಲು ಬಂದವನ ಎದುರು ಅವಳು ಮುಖವೆತ್ತಿದಳು. ಅವಳಿನ್ನೂ ಬಾಯಿ ತೆರೆದಿರಲಿಲ್ಲ, ಆ ಗೆರೆಗಳು ಎದ್ದು ನಿಂತವು ಅಷ್ಟೆ. ಶತ್ರುವಿನ ಪಾತ್ರ ಮಾಡುತ್ತಿದ್ದ ಬ್ಯಾಂಕಿನ ಅಧಿಕಾರಿ ನಾಟಕದಲ್ಲಿಲ್ಲದ ಒಂದು ಹೆಜ್ಜೆ ಹಿಂದಕ್ಕೆ ಸರಿದ.

ಸುತ್ತ ನೋಡಿದೆ. ಸಾಲುಸಾಲಿನಲ್ಲಿ ಎಲ್ಲರ ಹುಬ್ಬುಗಳೂ ಅವಳ ಜೊತೆ ಗಂಟಿಕ್ಕಿದ್ದವು. ನನ್ನವನ್ನೂ ಗಂಟಿಕ್ಕಲು ನೋಡಿದೆ, ಬರಲಿಲ್ಲ. ಕಣ್ಣೀರು ಮಾತ್ರ ಆ ನುಣುಪು ಹಣೆಯ ಕೆಳಗಿನಿಂದ ದಳದಳನೆ ಸುರಿಯಿತು.

ಪಕ್ಕದಲ್ಲಿದ್ದ ಮಂಗಲಾತಾಯಿ ನನ್ನ ಕಡೆ ಬಾಗಿ, "ವಿಜಯಾತಾಯಿ, ಏನಾಯ್ತು? ಮುಖ ನೋಡಿದ್ರೆ ಏನೂ ಗೊತ್ತಾಗ್ತಿಲ್ಲ" ಎಂದರು.

"ನನ್ನ ಮುಖ ಯಾಕ ನೋಡ್ತೀರಿ?" ಎಂದೆ. "ಅಲ್ಲಿ ನೋಡ್ರಿ. ಅಕಿ ನಮ್ಮ ಮನಿ ಹುಡುಗಿ."